ಕಬ್ಬಿನ ಸೋಗೆಯೂ ಕಣ್ಣಿನ ವಿಭಾಗವೂ

ನಾನು ವೈದ್ಯಶಾಸ್ತ್ರ ಕಲಿಯುವವನಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದುವ ಕಲಾ ವಿಭಾಗದ ವಿದ್ಯಾರ್ಥಿ. ಇಂಥವನು ಕಣ್ಣಿನ ವಿಚಾರವಾಗಿ ಬರೆಯಲು ಹೊರಟರೆ, ವೈದ್ಯಕೀಯ ಕಾಲೇಜೇ ಇರುವ ಈ ಊರಿನಲ್ಲಿ, ಅದು ಅಧಿಕಪ್ರಸಂಗವೆಂದು ಯಾರಾದರೂ ಅಂದಾರು. ಆದರೆ ಕಳೆದ ವರ್ಷ ನಮ್ಮ ದೊಡ್ಡಪ್ಪನ ಕೈಹಿಡಿದುಕೊಂಡು ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹತ್ತಾರು ಸಲ ಹೋಗಬೇಕಾಗಿ ಬಂದಿತು. ಬೆಂಚಿನ ಮೇಲೆ ಕುಳಿತು ಕಾದ ಹೊತ್ತಿನಲ್ಲಿ ಕಣ್ಣಾರೆ ಕಂಡುದು, ವೈದ್ಯರನ್ನು ಕೇಳಿ ತಿಳಿದುದು, ಆಮೇಲೆ ಗ್ರಂಥಾಲಯದಲ್ಲಿ ಓದಿ ಸರಿಪಡಿಸಿಕೊಂಡುದು, ಇಷ್ಟನ್ನೇ ಇಲ್ಲಿ ಬರೆಯುತ್ತೇನೆ. ನಮ್ಮ ಕಾಲೇಜಿಗೆ ಬರುವ ಮಿತ್ರರಲ್ಲಿ ಬಹುಮಂದಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಹಳ್ಳಿಗಳಿಂದ ಬರುವವರು. ಕಬ್ಬು, ಭತ್ತ, ತೆಂಗುಗಳ ನಡುವೆ ಬೆಳೆದವರು. ಆದುದರಿಂದ ಈ ವಿಷಯ ಅವರ ಮನೆಯದೂ ಹೌದು.

ನಮ್ಮೂರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕೆ ಇದೆ. ದೊಡ್ಡಪ್ಪ ಅಪ್ಪನಿಗಿಂತ ಎಂಟು ವರ್ಷ ಹಿರಿಯರು. ಅರವತ್ತು ದಾಟಿದ್ದರೂ ಗದ್ದೆಯ ಕೆಲಸ ಬಿಟ್ಟವರಲ್ಲ. ಕಟಾವಿನ ಸರದಿ ಬಂದಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಕಬ್ಬಿನ ಒಳಗೆ ಸೋಗೆ ಬಿಡಿಸುತ್ತಿದ್ದಾಗ ಒಂದು ಗರಿ ಸರಕ್ಕನೆ ಬಲಗಣ್ಣಿಗೆ ಹೊಡೆಯಿತು. ಕಬ್ಬಿನ ಗರಿಯ ಅಂಚನ್ನು ಬೆರಳಿನಿಂದ ಸವರಿ ನೋಡಿದವರಿಗೆ ಗೊತ್ತು, ಅದು ಸಣ್ಣ ಗರಗಸ. ಕಣ್ಣಲ್ಲಿ ನೀರು ಸುರಿಯಿತು, ಕೆಂಪಾಯಿತು, ಬೆಳಕು ನೋಡಲಾಗದೆ ಹೋಯಿತು. ನಾನು ಆಸ್ಪತ್ರೆಗೆ ಹೋಗೋಣವೆಂದುದಕ್ಕೆ ಅವರು, "ಒಂದು ಗರಿ ತಾಕಿದ್ದಕ್ಕೆಲ್ಲಾ ಮಂಡ್ಯಕ್ಕೆ ಹೋಗಾಕಾಯ್ತದೇನ್ಲಾ? ಕಟಾವು ಮುಗೀಲಿ ಇರು ಮಗ" ಎಂದರು. ದೊಡ್ಡಮ್ಮ ರಾತ್ರಿ ಹರಳೆಣ್ಣೆ ಬಿಟ್ಟರು. ಮಾರನೆಯ ದಿನ ಪಕ್ಕದ ಮನೆಯ ಬಾಣಂತಿಯಿಂದ ಎದೆಹಾಲು ಬಂತು. ನಾಲ್ಕನೆಯ ದಿನ ಯಾವುದೋ ಔಷಧದ ಅಂಗಡಿಯಿಂದ, ಚೀಟಿಯಿಲ್ಲದೆ, ಒಂದು ಬಾಟಲು ಹನಿ ಬಂತು. ಆ ಹನಿ ಹಾಕಿದ ಮೇಲೆ ಎರಡು ದಿನ ಕೆಂಪು ಕಡಮೆಯಾಗಿ ನೋವು ಇಳಿಯಿತು. "ನೋಡ್ಲಾ, ವಾಸಿಯಾಯ್ತು" ಎಂದು ದೊಡ್ಡಪ್ಪ ನಕ್ಕರು. ಎಂಟನೆಯ ದಿನ ಕರಿಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿಯ ಮಚ್ಚೆ ಕಂಡಿತು. ಒಂಬತ್ತನೆಯ ದಿನ ಮಂಡ್ಯದ ಬಸ್ಸು ಹತ್ತಿದೆವು. ಕಬ್ಬಿನ ಕಟಾವು ಮುಗಿದಿತ್ತು.

ಕಣ್ಣಿನ ವಿಭಾಗದಲ್ಲಿ ಮೊದಲು ನಡೆಯುವುದು ಔಷಧವಲ್ಲ, ಅಳತೆ. ಚೀಟಿ ಬರೆಸಿದ ಮೇಲೆ ರೋಗಿಯನ್ನು ಆರು ಮೀಟರ್ ದೂರದಲ್ಲಿ ಕೂರಿಸಿ ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುತ್ತಾರೆ. ಹಾಲೆಂಡಿನ ಸ್ನೆಲ್ಲೆನ್ ಎಂಬ ವೈದ್ಯರು 1862ರಲ್ಲಿ ರಚಿಸಿದ ಪಟ ಅದು. ಓದು ಬಾರದವರಿಗೆ ಈ ಅಕ್ಷರದ ಬದಲು ಇಂಗ್ಲಿಷಿನ 'ಇ' ಅಕ್ಷರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಬರೆದ ಪಟ ಉಂಟು, ಅದರ ಕಾಲುಗಳು ಯಾವ ಕಡೆಗಿವೆಯೆಂದು ಕೈಯಿಂದ ತೋರಿಸಿದರೆ ಸಾಕು. ಚೀಟಿಯ ಮೇಲೆ 6/6, 6/18, 6/60 ಎಂದು ಬರೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಇದು ಭಿನ್ನರಾಶಿಯಂತೆ ಕಂಡರೂ ಅರ್ಥ ಸರಳ. 6/60 ಎಂದರೆ, ಆರೋಗ್ಯವಂತನು 60 ಮೀಟರ್ ದೂರದಿಂದ ಓದಬಲ್ಲ ಅಕ್ಷರವನ್ನು ಈತನು ಆರು ಮೀಟರಿಗೆ ಬಂದರೆ ಮಾತ್ರ ಓದಬಲ್ಲನು ಎಂದು. ಒಳ್ಳೆಯ ಕಣ್ಣಿನಲ್ಲಿಯೂ ದೃಷ್ಟಿ 3/60ಕ್ಕಿಂತ ಕಡಮೆಯಿದ್ದರೆ ಅಂಥವರನ್ನು ಇಂದು ನಮ್ಮ ದೇಶದಲ್ಲಿ ಅಂಧರೆಂದು ಲೆಕ್ಕ ಹಾಕುತ್ತಾರೆ. ದೊಡ್ಡಪ್ಪನಿಗೆ ಬಲಗಣ್ಣಿನಲ್ಲಿ ಕೈ ಆಡಿಸಿದುದು ಮಾತ್ರ ತಿಳಿಯಿತು. ಆಶ್ಚರ್ಯವೆಂದರೆ, ಏಟು ಬೀಳದ ಎಡಗಣ್ಣಿನಲ್ಲಿಯೂ ಅವರು ಓದಿದುದು ಅತ್ಯಂತ ದೊಡ್ಡದಾದ ಮೊದಲನೆಯ ಸಾಲನ್ನು ಮಾತ್ರ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಆಮೇಲೆ ಕತ್ತಲೆ ಕೋಣೆ. ಅಲ್ಲಿ ರೋಗಿಯು ಗದ್ದವನ್ನು ಒಂದು ಚೌಕಟ್ಟಿನ ಮೇಲೆ ಇಡುತ್ತಾನೆ. ವೈದ್ಯರು ಎದುರಿಗೆ ಕುಳಿತು ಸೀಳುಗಂಡಿಯಿಂದ ಬಂದಂಥ ಬೆಳಕಿನ ತೆಳುಗೆರೆಯೊಂದನ್ನು ಕಣ್ಣಿನ ಮೇಲೆ ಹಾಯಿಸಿ ಸೂಕ್ಷ್ಮದರ್ಶಕದಿಂದ ನೋಡುತ್ತಾರೆ. ಇದಕ್ಕೆ ಸ್ಲಿಟ್ ಲ್ಯಾಂಪ್ ಎಂದು ಹೆಸರು. ಒಂದು ಹನಿ ಬಣ್ಣ ಹಾಕಿ ನೀಲಿಯ ಬೆಳಕು ಬಿಟ್ಟರೆ, ಗಾಯವಾದ ಜಾಗವಷ್ಟೇ ಹಸುರಾಗಿ ಹೊಳೆಯುತ್ತದೆ. ದೊಡ್ಡಪ್ಪನ ಕಣ್ಣಿನಲ್ಲಿ ಆ ಹಸುರು ಕರಿಗುಡ್ಡೆಯ ಮೂರನೆಯ ಒಂದು ಪಾಲಿನಷ್ಟಿದ್ದಿತು. ವೈದ್ಯರು ಅಂಗಡಿಯ ಬಾಟಲನ್ನು ಕೈಗೆ ತೆಗೆದುಕೊಂಡು ಹೆಸರು ಓದಿ ಕೆಳಗಿಟ್ಟರು. "ಇದರಲ್ಲಿ ಸ್ಟೀರಾಯ್ಡ್ ಇದೆಯಪ್ಪ. ಕೆಂಪು ಇಳಿಸುತ್ತದೆ, ರೋಗ ಬೆಳೆಸುತ್ತದೆ" ಎಂದರು.

ಅವರ ಮಾತು ತಿಳಿಯಬೇಕಾದರೆ ಕಾರ್ನಿಯಾ ಎಂಬುದನ್ನು ತಿಳಿಯಬೇಕು. ನಾವು ಕರಿಗುಡ್ಡೆಯೆನ್ನುವುದು ನಿಜವಾಗಿ ಕರಿಯದಲ್ಲ. ಅದರ ಮೇಲೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲವೇ ಕಾರ್ನಿಯಾ, ಹಿಂದಿನ ಬಣ್ಣ ಅದರ ಮೂಲಕ ಕಾಣುತ್ತದೆ. ಅಡ್ಡಗಲ ಹನ್ನೊಂದು ಹನ್ನೆರಡು ಮಿಲಿಮೀಟರ್. ನಡುವಣ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬೆಳಕು ಹಾಯಬೇಕಾದುದರಿಂದ ಇದರಲ್ಲಿ ರಕ್ತನಾಳಗಳಿಲ್ಲ. ಇದು ಇದರ ಗುಣವೂ ಹೌದು, ದೌರ್ಬಲ್ಯವೂ ಹೌದು. ರಕ್ತವಿಲ್ಲದ ಕಡೆಗೆ ದೇಹದ ಕಾವಲುಗಾರರು ಬರುವುದು ತಡ. ಮೇಲಿನ ತೆಳು ಪದರ ಮಾತ್ರ ತರಚಿದರೆ ಒಂದೆರಡು ದಿನಗಳಲ್ಲಿ ಗುರುತಿಲ್ಲದಂತೆ ಮಾಯುತ್ತದೆ. ಆದರೆ ಆ ತರಚಿನ ಮೂಲಕ ರೋಗಾಣು ಒಳಪದರಕ್ಕೆ ಇಳಿದು ಹುಣ್ಣಾದರೆ, ಮಾಯ್ದ ಮೇಲೆಯೂ ಬಿಳಿಯ ಕಲೆ ಉಳಿಯುತ್ತದೆ. ನಮ್ಮ ಹಿರಿಯರು "ಕಣ್ಣಿಗೆ ಹೂ ಬಿದ್ದಿದೆ" ಎನ್ನುತ್ತಿದ್ದುದು ಇದಕ್ಕೇ.

ರೋಗಾಣು ಯಾವುದೆಂದು ಊಹಿಸಿ ಔಷಧ ಕೊಡುವುದಿಲ್ಲ, ಹುಡುಕಿ ಕೊಡುತ್ತಾರೆ. ಕಣ್ಣನ್ನು ಮರಗಟ್ಟಿಸುವ ಹನಿ ಹಾಕಿ, ಹುಣ್ಣಿನ ಅಂಚಿನಿಂದ ಒಂದಿಷ್ಟು ಕೆರೆದು ತೆಗೆದು ಗಾಜಿನ ಪಟ್ಟಿಯ ಮೇಲೆ ಹರಡಿ, ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರವ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಅಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದ ಒಬ್ಬ ಯುವ ವೈದ್ಯರು ನನ್ನ ಕುತೂಹಲ ಕಂಡು, "ಬನ್ನಿ, ನೀವೂ ನೋಡಿ" ಎಂದರು. ಕಂಡುದು ಕವಲೊಡೆದ ಸಣ್ಣ ಸಣ್ಣ ಎಳೆಗಳು. ಮಳೆಗಾಲದಲ್ಲಿ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟಿನ ಜಾತಿ! ಫ್ಯುಸೇರಿಯಂ, ಆಸ್ಪರ್ಜಿಲಸ್ ಮೊದಲಾದ ಈ ಶಿಲೀಂಧ್ರಗಳು ಮಣ್ಣಿನಲ್ಲಿ, ಒಣಗಿದ ಎಲೆಯಲ್ಲಿ, ಹೊಟ್ಟಿನಲ್ಲಿ ಸದಾ ಇರತಕ್ಕವು. ಗರಿ ಕಣ್ಣಿಗೆ ಹೊಡೆದಾಗ ಗಾಯವನ್ನೂ ಅದೇ ಮಾಡಿತು, ಬೀಜವನ್ನೂ ಅದೇ ಬಿತ್ತಿತು. ಸ್ಟೀರಾಯ್ಡ್ ಹನಿಯು ದೇಹದ ಪ್ರತಿಭಟನೆಯನ್ನು ಅಡಗಿಸುತ್ತದೆ. ಕೆಂಪು, ನೋವು ಎಲ್ಲವೂ ಆ ಪ್ರತಿಭಟನೆಯ ಚಿಹ್ನೆಗಳು. ಕಾವಲುಗಾರನ ಬಾಯಿ ಕಟ್ಟಿದರೆ ಮನೆ ನಿಶ್ಶಬ್ದವಾಗುತ್ತದೆ, ಕಳ್ಳನಿಗೆ ಅನುಕೂಲವಾಗುತ್ತದೆ. ದೊಡ್ಡಪ್ಪ ನಕ್ಕ ಆ ಎರಡು ದಿನಗಳು ಇಂಥವು.

ದಕ್ಷಿಣ ಭಾರತದಲ್ಲಿ ಪರೀಕ್ಷೆಯಿಂದ ಕಾರಣ ಪತ್ತೆಯಾದ ಕಾರ್ನಿಯಾ ಹುಣ್ಣುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಶಿಲೀಂಧ್ರವೇ ಕಾರಣವೆಂದು ಮಧುರೆಯ ಕಡೆಯ ಅಧ್ಯಯನಗಳು ತೋರಿಸಿವೆ. ಚಳಿದೇಶಗಳಲ್ಲಿ ಹೀಗಿಲ್ಲ. ನಮ್ಮಲ್ಲಿ ಸೆಕೆ, ತೇವ, ಮತ್ತು ಗಿಡಮರಗಳೊಡನೆ ಬರಿಗೈ ಬರಿಗಣ್ಣಿನ ದುಡಿಮೆ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದುದರಿಂದ, 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾದುದರಿಂದ, ಈ ಸೀಮೆ ಕಬ್ಬಿನ ಸೀಮೆಯಾಯಿತೆಂದು ನಾವು ಇತಿಹಾಸದಲ್ಲಿ ಓದುತ್ತೇವೆ. ಆ ಸಿರಿಯ ಜೊತೆಗೆ ಈ ಸಣ್ಣ ಗರಗಸವೂ ಬಂದಿತೆಂಬುದನ್ನು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ.

ಔಷಧ ನಾಟಮೈಸಿನ್ ಎಂಬ ಹಾಲುಬಣ್ಣದ ಹನಿ. ಇದಕ್ಕಿಂತ ಹೊಸದಾದ, ಬೆಲೆಯುಳ್ಳ ಇನ್ನೊಂದು ಹನಿಯೊಡನೆ ಇದನ್ನು ಹೋಲಿಸಿ ನೋಡಿದ ಪರೀಕ್ಷೆಯೊಂದು ದಕ್ಷಿಣ ಭಾರತದಲ್ಲಿಯೇ ನಡೆದು, ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಹಳೆಯ ನಾಟಮೈಸಿನ್ನೇ ಮೇಲೆಂದು, ಅದರಲ್ಲಿಯೂ ಫ್ಯುಸೇರಿಯಂ ಬೂಷ್ಟಿಗೆ ಇದೇ ಉತ್ತಮವೆಂದು ಕಂಡುಬಂದಿತು. ಆದರೆ ಇದನ್ನು ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ಹಾಕಬೇಕು. ದೊಡ್ಡಪ್ಪನನ್ನು ಒಳರೋಗಿಯಾಗಿ ಸೇರಿಸಿಕೊಂಡರು. ರಾತ್ರಿಯೆಲ್ಲ ಗಂಟೆಗೊಮ್ಮೆ ದಾದಿಯರು ಬಂದು ಎಬ್ಬಿಸಿ ಹನಿ ಹಾಕುವುದನ್ನು ಕಂಡಾಗ, ಒಂದು ಗರಿಯ ಏಟಿಗೆ ಎಷ್ಟು ಜನರ ನಿದ್ದೆ ಕೆಡುತ್ತದೆಂದು ನನಗೆ ನಾಚಿಕೆಯಾಯಿತು. ಮೊದಲ ದಿನವೇ ಬಂದಿದ್ದರೆ ಬಹುಶಃ ಇದಾವುದೂ ಬೇಕಾಗುತ್ತಿರಲಿಲ್ಲ.

"ಬಹುಶಃ" ಎಂದು ನಾನು ಬರೆದುದಕ್ಕೆ ಆಧಾರವಿದೆ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಸ್ವಯಂಸೇವಕರಿಗೆ ತರಬೇತಿ ಕೊಟ್ಟು, ಕಣ್ಣಿಗೆ ತರಚು ಗಾಯವಾದವರಿಗೆ ಕ್ಲೋರಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚಿಸಿದರು. ಈ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಹೀಗೆ ಮುಲಾಮು ಹಚ್ಚಿಸಿಕೊಂಡ 442 ಮಂದಿಯಲ್ಲಿ 424 ಮಂದಿಗೆ ಹುಣ್ಣಾಗದೆ ಗಾಯ ಮಾಯ್ದಿತು. ಹದಿನೆಂಟು ಗಂಟೆಗಳೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಇಲ್ಲಿ ಕೆಲಸ ಮಾಡಿದುದು ದೊಡ್ಡ ಯಂತ್ರವಲ್ಲ, ದೊಡ್ಡ ವೈದ್ಯರಲ್ಲ; ಹೊತ್ತು. ನಮ್ಮ ದೊಡ್ಡಪ್ಪನಿಗೆ ಸಂದುಹೋದುದು ಎಂಟು ದಿನ. ಮಳವಳ್ಳಿಯ ಅಥವಾ ಮದ್ದೂರಿನ ತಾಲ್ಲೂಕು ಆಸ್ಪತ್ರೆ ನಮ್ಮೂರಿನಿಂದ ಅರ್ಧ ಗಂಟೆಯ ದಾರಿ.

ಇನ್ನು ಎಡಗಣ್ಣಿನ ಮಾತು. ಅದರಲ್ಲಿ ಪೊರೆ ಬಲಿತು ಕುಳಿತಿತ್ತು. ಎರಡು ವರ್ಷದಿಂದ ಮಂಜುಮಂಜಾಗಿಯೇ ಕಾಣುತ್ತಿತ್ತೆಂದೂ, ವಯಸ್ಸಾದ ಮೇಲೆ ಅದು ಸಹಜವೆಂದು ಸುಮ್ಮನಿದ್ದೆನೆಂದೂ ದೊಡ್ಡಪ್ಪ ಆಗ ಒಪ್ಪಿಕೊಂಡರು. ಬಲಗಣ್ಣಿನಲ್ಲಿಯೂ ಪೊರೆಯ ಆರಂಭವಿದ್ದಿರಬೇಕು. ಗರಿ ಬರುವುದು ಅವರಿಗೆ ಸರಿಯಾಗಿ ಕಾಣಲೇ ಇಲ್ಲ! ಒಂದು ಕೇಡಿಗೆ ಇನ್ನೊಂದು ಕೇಡು ಬಾಗಿಲು ತೆರೆದಿತ್ತು. ಮನೆಯಲ್ಲಿ ಏಳು ಜನರಿದ್ದೆವು. ಪತ್ರಿಕೆ ಓದುವುದನ್ನು ಅವರು ಬಿಟ್ಟುದನ್ನು, ಕತ್ತಲಾದ ಮೇಲೆ ಹೊರಗೆ ಹೊರಡದಿದ್ದುದನ್ನು ಒಬ್ಬರೂ ಗಮನಿಸಿರಲಿಲ್ಲ. ನಾನು ಪದವಿ ತರಗತಿಯ ವಿದ್ಯಾರ್ಥಿ, ನಾನೂ ಗಮನಿಸಲಿಲ್ಲ.

ಪೊರೆಯೆಂದರೆ ಹೊರಗಿನಿಂದ ಬಂದು ಮುಚ್ಚುವ ಪರದೆಯೆಂದು ನಾನು ತಿಳಿದಿದ್ದೆ. ಹಾಗಲ್ಲ. ಪಾಪೆಯ ಹಿಂದೆ ಇರುವ ಮಸೂರವು, ಮೊಟ್ಟೆಯ ಬಿಳಿಭಾಗ ಬೆಂದಂತೆ, ಮೆಲ್ಲಮೆಲ್ಲನೆ ತನ್ನ ಪಾರದರ್ಶಕತೆಯನ್ನು ಕಳೆದುಕೊಳ್ಳುವುದೇ ಪೊರೆ. ಇದನ್ನು ಕರಗಿಸುವ ಹನಿಯಿಲ್ಲ; ತೆಗೆದುಹಾಕುವುದೊಂದೇ ದಾರಿ. ಸುಶ್ರುತನ ಕಾಲದಿಂದಲೂ ನಮ್ಮ ದೇಶದಲ್ಲಿ ಸಲಾಕೆಯಿಂದ ಪೊರೆಯನ್ನು ಕಣ್ಣಿನೊಳಗೇ ಪಕ್ಕಕ್ಕೆ ತಳ್ಳುವ ಚಿಕಿತ್ಸೆಯಿತ್ತು. ಫ್ರಾನ್ಸಿನ ದಾವಿಯೆಲ್ 1747ರಲ್ಲಿ ಅದನ್ನು ಹೊರಕ್ಕೆ ತೆಗೆಯುವ ಶಸ್ತ್ರಕ್ರಿಯೆ ಮಾಡಿದನು. ಮಸೂರ ಹೋದ ಕಣ್ಣಿಗೆ ಬಹಳ ಕಾಲ ದಪ್ಪ ಗಾಜಿನ ಕನ್ನಡಕವೇ ಗತಿಯಾಗಿತ್ತು. ನಮ್ಮ ಮುತ್ತಜ್ಜಿಯ ಭಾವಚಿತ್ರದಲ್ಲಿ ಅಂಥ ಕನ್ನಡಕವಿದೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಗಾಜು ಸಿಡಿದು ಚೂರುಗಳು ಕಣ್ಣು ಹೊಕ್ಕ ಯೋಧರನ್ನು ನೋಡಿದ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು, ಪರ್ಸ್ಪೆಕ್ಸ್ ಎಂಬ ಆ ಗಾಜಿನಂಥ ವಸ್ತು ಕಣ್ಣಿನೊಳಗೆ ಕೆರಳದೆ ಇರುವುದನ್ನು ಗಮನಿಸಿ, 1949ರಲ್ಲಿ ಅದರಿಂದಲೇ ಮಾಡಿದ ಕೃತಕ ಮಸೂರವನ್ನು ಮೊದಲ ಬಾರಿಗೆ ಕಣ್ಣಿನೊಳಗೆ ಇಟ್ಟರು. 1967ರಲ್ಲಿ ಅಮೆರಿಕದ ಕೆಲ್ಮನ್ ಶಬ್ದಾತೀತ ಕಂಪನದಿಂದ ಪೊರೆಯನ್ನು ಒಡೆದು ಹೀರಿ ತೆಗೆಯುವ ವಿಧಾನ ಕಂಡುಹಿಡಿದರು. ಈ ಮಸೂರಗಳು ಹೊರದೇಶದಿಂದ ಬರುತ್ತಿದ್ದಾಗ ಬಡವರಿಗೆ ಎಟುಕುತ್ತಿರಲಿಲ್ಲ. 1992ರಲ್ಲಿ ಮಧುರೆಯ ಅರೋಲ್ಯಾಬ್ ಅವನ್ನು ಇಲ್ಲಿಯೇ ತಯಾರಿಸತೊಡಗಿದ ಮೇಲೆ ಬೆಲೆ ಇಳಿಯಿತು. ಮದ್ದೂರಿನ ರೈತನ ಕಣ್ಣಿನಲ್ಲಿ ಇಂದು ಇಂಥ ಮಸೂರವಿದ್ದರೆ ಅದರ ಹಿಂದೆ ಇಷ್ಟು ಜನರ ದುಡಿಮೆಯಿದೆ.

ಬಲಗಣ್ಣಿನ ಹುಣ್ಣು ಪೂರ್ತಿ ಮಾಯುವವರೆಗೆ ಎಡಗಣ್ಣಿಗೆ ಕೈಹಾಕುವಂತಿರಲಿಲ್ಲ, ಸೋಂಕು ದಾಟುವ ಭಯ. ಎರಡು ತಿಂಗಳು ಕಾದೆವು. ಆ ಎರಡು ತಿಂಗಳು ದೊಡ್ಡಪ್ಪ ಜಗಲಿಯ ಕಂಬಕ್ಕೆ ಒರಗಿ ಕುಳಿತೇ ಇದ್ದರು. ಹಸುವಿನ ಹಗ್ಗ ಹಿಡಿಯಲೂ ಆಗದು. ಆಮೇಲೆ ಕಣ್ಣಿನ ಉದ್ದವನ್ನು ಅಳೆದು ಎಷ್ಟು ಶಕ್ತಿಯ ಮಸೂರ ಬೇಕೆಂದು ಲೆಕ್ಕ ಹಾಕಿದರು. ರಕ್ತದೊತ್ತಡ, ಸಕ್ಕರೆ ನೋಡಿದರು. ಕಣ್ಣಿನ ಪಕ್ಕಕ್ಕೆ ಚುಚ್ಚುಮದ್ದು ಕೊಟ್ಟು, ಸಣ್ಣ ಸೀಳಿನ ಮೂಲಕ ಪೊರೆ ತೆಗೆದು ಮಸೂರ ಇಟ್ಟರು. ಒಳಗೆ ಹೋದವರು ಅರ್ಧ ಗಂಟೆಯಲ್ಲಿ ಹೊರಗೆ ಬಂದರು. ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ನನ್ನ ಕಡೆ ಸ್ವಲ್ಪ ಹೊತ್ತು ನೋಡಿ, "ಏನ್ಲಾ, ಇಷ್ಟು ಸಣ್ಣಾಗೋಗಿದ್ದೀಯ, ಹಾಸ್ಟೆಲ್ನಾಗೆ ಊಟ ಸರಿಯಾಗಿ ಹಾಕಾಕಿಲ್ವಾ?" ಎಂದರು. ನಾನು ಆ ಎರಡು ವರ್ಷದಲ್ಲಿ ಸಣ್ಣಗಾಗಿರಲಿಲ್ಲ; ಅವರು ನನ್ನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ.

ಇಂಥ ವಿಭಾಗಗಳು ನಮ್ಮ ನಾಡಿನಲ್ಲಿ ಒಂದೇ ದಿನದಲ್ಲಿ ಹುಟ್ಟಿದುವಲ್ಲ. ಬೆಂಗಳೂರಿನಲ್ಲಿ 1896ರಲ್ಲಿ ಚಿಕ್ಕ ಕಣ್ಣಿನ ಔಷಧಾಲಯವೊಂದು ಆರಂಭವಾಯಿತು. ಅದೇ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದು ಮಿಂಟೋ ಆಸ್ಪತ್ರೆಯೆಂದು ಹೆಸರಾಯಿತು. ಬಿಜಾಪುರ ಸೀಮೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ, ಶಾಲೆ ಛತ್ರಗಳಲ್ಲಿ ಶಿಬಿರ ನಡೆಸಿ, ತಮ್ಮ ಜೀವಮಾನದಲ್ಲಿ ಐದು ಲಕ್ಷಕ್ಕೂ ಮೀರಿ ಶಸ್ತ್ರಕ್ರಿಯೆಗಳನ್ನು ಮಾಡಿದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರನ್ನು ಹುಡುಕಿಕೊಂಡು ಬಂದವು. 2005ರಲ್ಲಿ ತೀರಿಕೊಂಡರು. ನಮ್ಮ ಅಜ್ಜಿಯ ತಲೆಮಾರಿನವರ ಬಾಯಲ್ಲಿ "ಮೋದಿ ಡಾಕ್ಟ್ರು" ಎಂದರೆ ಇಂದಿಗೂ ಕಣ್ಣಿನ ಡಾಕ್ಟರೇ. 1976ರಲ್ಲಿ ಕೇಂದ್ರ ಸರ್ಕಾರವು ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಈಗ ಶಿಬಿರದ ರೀತಿ ಬದಲಾಗಿದೆ. ಹಳ್ಳಿಯಲ್ಲಿ ಪರೀಕ್ಷೆ ಮಾತ್ರ. ಶಸ್ತ್ರಕ್ರಿಯೆ ಆಸ್ಪತ್ರೆಯ ಶುದ್ಧವಾದ ಕೊಠಡಿಯಲ್ಲಿ. ಕಾರಣ, ಒಮ್ಮೆ ಕಣ್ಣಿನೊಳಗೆ ಸೋಂಕು ಹೊಕ್ಕರೆ ಮಾಡಿದ ಉಪಕಾರವೆಲ್ಲ ಅಪಕಾರವಾದೀತು.

ನಮ್ಮ ಜಿಲ್ಲೆಯಲ್ಲಿ ಬೆಳ್ಳೂರಿನ ಬಳಿಯ ಬಿ. ಜಿ. ನಗರದಲ್ಲಿ 1986ರಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಈಗ ಅದು ಅದೇ ಹೆಸರಿನ ವಿಶ್ವವಿದ್ಯಾಲಯದ ಭಾಗ. ಮಂಡ್ಯದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2006ರಲ್ಲಿ ಬಂದಿತು. ಬರಿಯ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೂ ಕಲಿಸುವ ಸಂಸ್ಥೆಯ ಕಣ್ಣಿನ ವಿಭಾಗಕ್ಕೂ ಒಂದು ವ್ಯತ್ಯಾಸವುಂಟು. ಇಲ್ಲಿ ಒಬ್ಬ ರೋಗಿಯನ್ನು ಮೂವರು ನೋಡುತ್ತಾರೆ. ಕಲಿಯುವವನು ನೋಡಿ ಹೇಳಿದುದನ್ನು ಕಲಿಸುವವರು ಮತ್ತೆ ನೋಡಿ ತಿದ್ದುತ್ತಾರೆ. "ಎಷ್ಟು ಸಲ ನೋಡ್ತಾರಪ್ಪ!" ಎಂದು ದೊಡ್ಡಪ್ಪ ಬೇಸರಪಟ್ಟುಕೊಂಡರು. ಆದರೆ ಎಡಗಣ್ಣಿನ ಪೊರೆಯನ್ನು ಗುರುತಿಸಿ ಬರೆದುದು ಹೀಗೆ ಮತ್ತೆ ನೋಡಿದಾಗಲೇ. ಕಲಿಯುವವರ ಕಲಿಕೆಯೂ ರೋಗಿಯ ಕಾವಲೂ ಒಂದೇ ಕೆಲಸದಲ್ಲಿ ನಡೆಯುವುದನ್ನು ನಾನು ಅಲ್ಲಿ ಕಂಡೆ. ನಮ್ಮ ತರಗತಿಗಳಲ್ಲಿ ನಾವು ಬರೆದ ಪ್ರಬಂಧವನ್ನು ಅಧ್ಯಾಪಕರು ಕೆಂಪು ಮಸಿಯಲ್ಲಿ ತಿದ್ದಿದಾಗ ಮುಖ ಸಣ್ಣ ಮಾಡುವುದನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ.

ಪೊರೆ, ಹುಣ್ಣುಗಳಲ್ಲದೆ ಸದ್ದಿಲ್ಲದೆ ಬರುವ ಎರಡು ರೋಗಗಳ ಹೆಸರನ್ನಾದರೂ ಹೇಳಬೇಕು. ಒಂದು ಗ್ಲಾಕೋಮ, ಹೆಚ್ಚಾಗಿ ಕಣ್ಣಿನ ಒಳಗಿನ ಒತ್ತಡ ಏರಿ ದೃಷ್ಟಿನರ ಸವೆಯುತ್ತದೆ, ಅಂಚಿನ ನೋಟ ಮೊದಲು ಹೋಗುವುದರಿಂದ ಬಹುಕಾಲ ತಿಳಿಯುವುದೇ ಇಲ್ಲ, ಹೋದ ನೋಟ ಮರಳದು. ಇನ್ನೊಂದು ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಭಾಗದ ಅಕ್ಷಿಪಟಲ ಕೆಡುವುದು. ಸಕ್ಕರೆ ಕಾಯಿಲೆಯವರು ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಬೇಕೆಂದು ವೈದ್ಯರು ಹೇಳುತ್ತಾರೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಐವತ್ತು ಮೀರಿದ ಭಾರತೀಯರಲ್ಲಿ ನೂರಕ್ಕೆ 1.99 ಮಂದಿ ಅಂಧರು. ಆ ಅಂಧತ್ವದಲ್ಲಿ ನೂರಕ್ಕೆ 66.2 ಪಾಲಿಗೆ ಪೊರೆಯೇ ಕಾರಣ. ಅಂದರೆ ಮೂವರಲ್ಲಿ ಇಬ್ಬರು, ಯಾರಾದರೂ ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಮತ್ತೆ ನೋಡಬಲ್ಲವರು! ಐವತ್ತಕ್ಕಿಂತ ಕಿರಿಯರಲ್ಲಿ ಮಾತ್ರ ಮೊದಲ ಸ್ಥಾನ ಕಾರ್ನಿಯಾದ ಬಿಳುಪಿನದು.

ಆ ಬಿಳುಪಿಗೆ ಉಳಿದಿರುವ ದಾರಿ ಇನ್ನೊಬ್ಬರ ಕಾರ್ನಿಯಾ. ಮನುಷ್ಯನಿಂದ ಮನುಷ್ಯನಿಗೆ ಕಾರ್ನಿಯಾ ಹಾಕಿ ಮೊದಲು ಯಶಸ್ಸು ಪಡೆದವರು ಎಡ್ವರ್ಡ್ ಜಿರ್ಮ್. ಈಗಿನ ಚೆಕ್ ದೇಶದ ಓಲೊಮೋಟ್ಸ್ ಎಂಬ ಊರಿನಲ್ಲಿ, 1905ರ ಡಿಸೆಂಬರಿನಲ್ಲಿ. ನೋಟ ಪಡೆದವನು ನಮ್ಮಂತೆಯೇ ಒಬ್ಬ ಹಳ್ಳಿಯ ಕೂಲಿಯಾಳು. ಸುಣ್ಣ ಅರಳಿಸುವಾಗ ಎರಡು ಕಣ್ಣೂ ಸುಟ್ಟಿದ್ದುವು. ಗಾಯದಿಂದ ಕಣ್ಣು ತೆಗೆಯಿಸಿಕೊಳ್ಳಬೇಕಾಗಿ ಬಂದ ಹನ್ನೊಂದು ವರ್ಷದ ಹುಡುಗನೊಬ್ಬನ ಕಾರ್ನಿಯಾ ಅವನಿಗೆ ಬೆಳಕಾಯಿತು. ನಮ್ಮ ಆಲೆಮನೆಗಳಲ್ಲಿಯೂ, ಎಲೆ ಅಡಿಕೆಯ ಚೀಲಗಳಲ್ಲಿಯೂ ಸುಣ್ಣವಿದೆ. ಮಕ್ಕಳಿರುವ ಮನೆಯವರು ನೆನಪಿಡಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ಆ ಕ್ಷಣವೇ ಧಾರಾಳವಾಗಿ ಶುದ್ಧ ನೀರು ಹೊಯ್ದು ತೊಳೆಯಬೇಕು, ಆಮೇಲೆ ಆಸ್ಪತ್ರೆ.

ನಮ್ಮ ನಾಡಿನಲ್ಲಿ ಡಾ. ರಾಜ್‌ಕುಮಾರ್ ಅವರು 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು ಹಠಾತ್ತನೆ ತೀರಿಕೊಂಡಾಗ, ಅವರ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಮುಂಪದರ, ಹಿಂಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ನೋಟ ಕೊಟ್ಟರು. ನಾನು ನಮ್ಮವ್ವನಿಗೆ ಇದನ್ನು ಹೇಳಿ, "ನಾನೂ ಬರೆದುಕೊಡಲೇನವ್ವ?" ಎಂದು ಕೇಳಿದೆ. ಅವ್ವ ಸುಮ್ಮನಿದ್ದು, "ಮುಂದ್ಲ ಜನ್ಮಕ್ಕೆ ಕುರುಡಾಗಾಕಿಲ್ವೇನಪ್ಪ?" ಎಂದರು. ನಾನು ವಾದ ಮಾಡಲಿಲ್ಲ. ಜಗಲಿಯ ಮೇಲಿದ್ದ ದೊಡ್ಡಪ್ಪ ಅಲ್ಲಿಂದಲೇ, "ಮುಂದ್ಲ ಜನ್ಮದ್ದು ಮುಂದ್ಲ ಜನ್ಮಕ್ಕೆ ಕಣವ್ವ. ಈ ಜನ್ಮದಾಗೆ ಕುರುಡಾಗಿ ಕೂತು ನೋಡಿವ್ನಿ" ಎಂದರು. ಅವ್ವ ಆಮೇಲೆ ಮಾತಾಡಲಿಲ್ಲ. ಕೆಲವು ದಿನ ಬಿಟ್ಟು, ಅದನ್ನು ಹೇಗೆ ತೆಗೆಯುತ್ತಾರೆ, ಮುಖ ವಿಕಾರವಾಗುತ್ತದೆಯೇ ಎಂದು ತಾವಾಗಿಯೇ ಕೇಳಿದರು. ವಿಕಾರವಾಗುವುದಿಲ್ಲ. ಸಾವಾದ ಆರು ಗಂಟೆಗಳೊಳಗೆ ನೇತ್ರಭಂಡಾರಕ್ಕೆ ತಿಳಿಸಬೇಕು. ಬರುವವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ಪಂಕ ನಿಲ್ಲಿಸಿ, ತಲೆ ಸ್ವಲ್ಪ ಎತ್ತರದಲ್ಲಿರಿಸಬೇಕು. ಕನ್ನಡಕದವರೂ, ಸಕ್ಕರೆ ಕಾಯಿಲೆಯವರೂ, ಪೊರೆ ತೆಗೆಸಿಕೊಂಡವರೂ ಕೊಡಬಹುದು. ತೀರಿಕೊಂಡವರು ಮೊದಲೇ ಬರೆದುಕೊಟ್ಟಿದ್ದರೂ ಆ ಹೊತ್ತಿನಲ್ಲಿ ಒಪ್ಪಬೇಕಾದವರು ಮನೆಯವರು. ಆದುದರಿಂದ ಕಾಗದಕ್ಕೆ ರುಜು ಹಾಕುವುದಕ್ಕಿಂತ ಮೊದಲು ಮನೆಯಲ್ಲಿ ಮಾತಾಡುವುದು ಮೇಲು.

ದೊಡ್ಡಪ್ಪನ ಬಲಗಣ್ಣಿನಲ್ಲಿ ಹೂ ಹಾಗೆಯೇ ಇದೆ. ಕಾರ್ನಿಯಾ ಬದಲಾಯಿಸುವ ವಿಚಾರವನ್ನು ವೈದ್ಯರು ಮುಂದಕ್ಕೆ ಇಟ್ಟಿದ್ದಾರೆ. ಎರಡು ಕಣ್ಣೂ ಇಲ್ಲದವರು ಸಾಲಿನಲ್ಲಿ ಮೊದಲು. ಎಡಗಣ್ಣಿನಲ್ಲಿ ಅವರು ಈಗ ಪತ್ರಿಕೆ ಓದುತ್ತಾರೆ, ಮಳವಳ್ಳಿಯ ಸಂತೆಗೆ ಒಬ್ಬರೇ ಹೋಗಿ ಬರುತ್ತಾರೆ. ಕಬ್ಬಿನೊಳಗೆ ಹೋಗುವಾಗ ಬರಿಗಾಜಿನ ಕನ್ನಡಕವೊಂದನ್ನು ಹಾಕುತ್ತಾರೆ. ಮೊದಲ ವಾರ ಕೂಲಿಯವರು ನಕ್ಕರು. ಈಗ ಅವರಲ್ಲಿ ಇಬ್ಬರು ಹಾಕುತ್ತಿದ್ದಾರೆ.

ಸಹಪಾಠಿಗಳಲ್ಲಿ ನನ್ನ ಬಿನ್ನಹ ಇಷ್ಟೆ. ಈ ಸಲ ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರನ್ನು ಅಂಗಳದಲ್ಲಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿಸಿ, ಇಪ್ಪತ್ತು ಅಡಿ ದೂರದಲ್ಲಿ ನಿಂತು ಬೆರಳು ತೋರಿಸಿ ಎಣಿಸಲು ಹೇಳಿ; ಆಮೇಲೆ ಇನ್ನೊಂದು ಕಣ್ಣು. ತಪ್ಪಿದರೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಣ್ಣಿಗೆ ಗರಿಯೋ ಹೊಟ್ಟೋ ಹೊಡೆದರೆ ಎಣ್ಣೆ, ಹಾಲು, ಎಲೆಯ ರಸ, ಚೀಟಿಯಿಲ್ಲದ ಹನಿ ಯಾವುದನ್ನೂ ಹಾಕಗೊಡದೆ ಅದೇ ದಿನ ಹೊರಡಿಸಿ. ಕಟಾವು ಮರುದಿನಕ್ಕೆ ನಿಂತರೆ ನಷ್ಟ ಅಷ್ಟೇ, ಕಣ್ಣು ನಿಲ್ಲುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತೆಂಬ ಗಾದೆ ನಮ್ಮ ಮನೆಗೆ ಸಾಕು, ನಿಮ್ಮ ಮನೆಗೆ ಬೇಡ.